ತಲಪಾಡಿ ದಾಟಿದ ಬೀಡಿ, ಕಡಲು ದಾಟುವ ಕೆಲಸ

ಹೊರದೇಶದಲ್ಲಿ ಕೆಲಸ ಮಾಡಿಸಿ ಅಲ್ಲಿಗೆ ದುಡ್ಡು ಕಳಿಸುವ ಕಂಪೆನಿ ಆ ದುಡ್ಡಿನ ಮೇಲೆ ಶೇ. 25 ತೆರಿಗೆ ಕಟ್ಟಬೇಕು ಎನ್ನುವ ಮಸೂದೆ 2025ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಸೆನೆಟ್‌ಗೆ ಬಂತಲ್ಲ, ಆಗಿನಿಂದ ಮಂಗಳೂರಿನ ಐಟಿಯವರ ಬಾಯಲ್ಲಿ ಒಂದೇ ಮಾತು: ಅಲ್ಲಿನ ಯೂನಿಯನ್‌ನವರು ನಮ್ಮ ಅನ್ನಕ್ಕೆ ಕಲ್ಲು ಹಾಕ್ತಿದ್ದಾರೆ.

ನಮ್ಮೂರಿನವರು ಹೀಗೆ ಹೇಳುವಾಗ ನನಗೆ ಬೀಡಿ ನೆನಪಾಗುತ್ತದೆ ಮಾರಾಯ್ರೆ. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಕೇಂದ್ರದ್ದು, ಆದರೆ ಜಾರಿ ರಾಜ್ಯಗಳ ಕೈಯಲ್ಲಿತ್ತು. ಕೇರಳ ಜಾರಿಗೆ ಹೊರಟಿತು. ಅದರ ಖರ್ಚು ಬೇಡವೆಂದು 1968ರಲ್ಲಿ ಮಂಗಳೂರಿನ ಬೀಡಿ ಮಾಲಿಕರು ಕಣ್ಣೂರು ಕಡೆಯ ಘಟಕಗಳಿಗೆ ಬೀಗ ಜಡಿದರು. ಅಲ್ಲಿ ಸಾವಿರಾರು ಮಂದಿ ಕೆಲಸ ಕಳಕೊಂಡರು. ಕೆಲಸ ಕೇರಳ ಗಡಿಯ ತಲಪಾಡಿ ದಾಟಿ ಈಚೆಗೆ ಬಂತು. ಇಲ್ಲಿನ ಹೆಂಗಸರು ಮಡಿಲಲ್ಲಿ ಗೆರಸೆ ಇಟ್ಟುಕೊಂಡು, ಎಲೆ ಕತ್ತರಿಸಿ, ನೂಲು ಸುತ್ತಿ ಲೆಕ್ಕದ ಬೀಡಿ ಬ್ರಾಂಚಿಗೆ ಕೊಟ್ಟರು. ಕಣ್ಣೂರಿನವರು 1969ರಲ್ಲಿ ದಿನೇಶ್ ಬೀಡಿ ಸಹಕಾರ ಸಂಘ ಕಟ್ಟಿಕೊಂಡರು. ಅವರ ಕೆಲಸ ಕಸಿದದ್ದು ಇಲ್ಲಿನ ಹೆಂಗಸರಾ? ಒಂದು ಕಡೆ ಕಾನೂನು ನಡೆಯುತ್ತಿತ್ತು, ಇನ್ನೊಂದು ಕಡೆ ಕಡತದಲ್ಲಿ ಮಲಗಿತ್ತು. ಆ ಸಂದಿಯಲ್ಲಿ ಕೆಲಸ ನುಸುಳಿತು, ಅಷ್ಟೇ.

ಅಮೆರಿಕದ ಗುಂಪುಗಳೆಲ್ಲ ಒಂದೇ ಅಲ್ಲ. ಕೆಲವರಿಗೆ ವೀಸಾ ಮೇಲೆಯೇ ಸಿಟ್ಟು, ನಮ್ಮ ಹುಡುಗರನ್ನು ಕಂಡರೇ ಆಗದು. ಅವರ ಜೊತೆ ನಮಗೆ ಮಾತೇ ಇಲ್ಲ. ಆದರೆ ಕಮ್ಯುನಿಕೇಶನ್ಸ್ ವರ್ಕರ್ಸ್ ಆಫ್ ಅಮೆರಿಕ ಎಂಬ ಯೂನಿಯನ್ ಬೆಂಬಲಿಸಿದ ಕಾಲ್ ಸೆಂಟರ್ ಮಸೂದೆಯನ್ನು ನೋಡಿ: ಕಾಲ್ ಸೆಂಟರನ್ನು ಹೊರದೇಶಕ್ಕೆ ಸಾಗಿಸುವ 120 ದಿನ ಮೊದಲೇ ಸರ್ಕಾರಕ್ಕೆ ತಿಳಿಸಬೇಕು. ಇಂಥ ನಿಯಮ ನಮಗೂ ಬೇಡವಾ? ಇಲ್ಲಿಂದ ಫಿಲಿಪೀನ್ಸ್‌ನ ಮನಿಲಾಕ್ಕೆ ಒಂದು ಪ್ರೊಸೆಸ್, ಅಂದರೆ ಒಂದು ಬಗೆಯ ಕೆಲಸವೇ ಇಡಿಯಾಗಿ, ಹೋಗುವಾಗ ನಮಗೆ ಯಾರು ಹೇಳ್ತಾರೆ? 2020ರ ಆಗಸ್ಟ್‌ನಲ್ಲಿ ಅಮೆರಿಕದ ವಿದ್ಯುತ್ ಸಂಸ್ಥೆ ಟೆನ್ನೆಸ್ಸಿ ವ್ಯಾಲಿ ಅಥಾರಿಟಿ ಐಟಿ ಕೆಲಸ ಹೊರಗೆ ಕೊಡುವ ಯೋಜನೆಯಿಂದ ಹಿಂದೆ ಸರಿಯಿತು. ಎಂಜಿನಿಯರುಗಳ ಯೂನಿಯನ್ ಹೋರಾಡಿತ್ತು, ನಿಜ. ಆದರೆ ಆ ಅಥಾರಿಟಿ ಸರ್ಕಾರಿ ಸಂಸ್ಥೆ, ಅಧ್ಯಕ್ಷ ಟ್ರಂಪ್ ಅದರ ಮಂಡಳಿಯ ಮುಖ್ಯಸ್ಥರನ್ನೇ ತೆಗೆದುಹಾಕಿದ್ದರು. ಖಾಸಗಿ ಕಂಪೆನಿಯಲ್ಲಿ ಆ ದಾರಿ ಇಲ್ಲ.

ಈಗ ಇಲ್ಲಿಯ ಲೆಕ್ಕ. 2025ರ ನವೆಂಬರ್ 21ರಿಂದ ಕೈಗಾರಿಕಾ ಸಂಬಂಧ ಸಂಹಿತೆ ಜಾರಿಯಲ್ಲುಂಟು. ಯೂನಿಯನ್ ನೋಂದಣಿಗೆ ಕನಿಷ್ಠ ಏಳು ಜನರ ಅರ್ಜಿ ಬೇಕು, ಜೊತೆಗೆ ಆ ಸಂಸ್ಥೆಯ ಅಥವಾ ಉದ್ಯಮದ ಕಾರ್ಮಿಕರಲ್ಲಿ ಶೇ. 10 ಅಥವಾ 100, ಯಾವುದು ಕಡಿಮೆಯೋ ಅಷ್ಟು ಸದಸ್ಯರು. 600 ಜನರ ಸೆಂಟರಿಗೆ 60. ಕೇಳಲು ಸುಲಭ. ಆದರೆ ಆರಾರು ತಿಂಗಳಿಗೆ ಜನ ಕೆಲಸ ಬದಲಿಸುವ ಕಡೆ ಈ ಅರವತ್ತು ಉಳಿಯುವುದಿಲ್ಲ. ಅದಕ್ಕೇ ಒಂದೊಂದು ಕಂಪೆನಿಗೆ ಒಂದೊಂದು ಸಂಘ ಎನ್ನುವ ಹಟ ನನಗೆ ಸರಿಕಾಣುವುದಿಲ್ಲ. ರಾಜ್ಯಮಟ್ಟದ ಐಟಿ ನೌಕರರ ಸಂಘ ಕೆಐಟಿಯು 2017ರಿಂದ ಉಂಟು, ಅದರಲ್ಲಿ ಸೇರಿದರೆ ಕಂಪೆನಿ ಬದಲಾದರೂ ಸದಸ್ಯತ್ವ ಬದಲಾಗದು.

‘ನಾನು ಲೀಡ್, ನನಗೆ ಯೂನಿಯನ್ ಇಲ್ಲ’ ಎನ್ನುವವರಿಗೆ: ಯೂನಿಯನ್ ಸೇರಲು ಲೀಡ್ ಆಗಿರುವುದು ಅಡ್ಡಿಯಲ್ಲ. ಕೆಲಸದಿಂದ ತೆಗೆಯುವಾಗಿನ ರಕ್ಷಣೆಗೂ ಕಾನೂನು ಪದನಾಮ ನೋಡುವುದಿಲ್ಲ, ಮಾಡುವ ಕೆಲಸ ನೋಡುತ್ತದೆ. ತಿಂಗಳಿಗೆ 18,000 ರೂಪಾಯಿ ಮೀರಿದರೆ ಈ ರಕ್ಷಣೆ ಇಲ್ಲ ಎನ್ನುವ ಮಿತಿ ಇರುವುದು ಮೇಲ್ವಿಚಾರಣೆಯ ಕೆಲಸಕ್ಕೆ. ದಿನವಿಡೀ ಕೋಡ್ ಬರೆಯುವವ, ಮೆಡಿಕಲ್ ಕೋಡಿಂಗ್ ಮಾಡುವವಳು ಎಷ್ಟೇ ಸಂಬಳ ಪಡೆದರೂ ತಾಂತ್ರಿಕ ಕೆಲಸದವರೇ. ರಜೆ ಮಂಜೂರು ಮಾಡುವವರು ಯಾರು, ಟಿಕೆಟ್, ಅಂದರೆ ಕ್ಲೈಂಟಿನ ಕೆಲಸದ ಕೋರಿಕೆ, ಯಾರ ಹೆಸರಲ್ಲಿ ಮುಚ್ಚುತ್ತದೆ ಎನ್ನುವುದೇ ಸಾಕ್ಷಿ.

ತೆಗೆದುಹಾಕಲು ಸರ್ಕಾರದ ಪೂರ್ವಾನುಮತಿ ಬೇಕೆಂಬ ನಿಯಮ ದೊಡ್ಡ ಕಾರ್ಖಾನೆ, ಗಣಿ, ತೋಟಗಳಿಗೆ ಮಾತ್ರ, ಐಟಿಗೆ ಇಲ್ಲ. ಉಳಿದದ್ದು ಒಂದು ತಿಂಗಳ ನೋಟಿಸ್ ಮತ್ತು ತುಂಬಿದ ಪ್ರತಿ ವರ್ಷಕ್ಕೆ 15 ದಿನದ ಸರಾಸರಿ ವೇತನ. ವೇತನ 60,000, ಸೇವೆ ಆರು ವರ್ಷ ಎಂದರೆ ಸುಮಾರು 1,80,000 ರೂಪಾಯಿ. ಈ ದುಡ್ಡು ಹೆಚ್ಚಾಗಿ ಕೈತಪ್ಪುವುದು ಒಂದು ಕಡೆ: ಎಚ್‌ಆರ್ ಕೋಣೆಯಲ್ಲಿ, ‘ನೀವೇ ರಾಜೀನಾಮೆ ಕೊಟ್ಟರೆ ಅನುಭವ ಪತ್ರ ಕ್ಲೀನಾಗಿ ಬರುತ್ತದೆ’ ಎನ್ನುವ ಆ ಹತ್ತು ನಿಮಿಷದಲ್ಲಿ. ಸಹಿ ಹಾಕಿದರೆ ಅದು ಕಡಿತವಲ್ಲ, ನಿಮ್ಮ ಇಷ್ಟ! ‘ಯೋಚಿಸಿ ಲಿಖಿತವಾಗಿ ತಿಳಿಸುತ್ತೇನೆ’ ಎಂದು ಎದ್ದು ಬನ್ನಿ, ಅದೇ ದಿನ ಏನು ಹೇಳಿದರು ಎಂದು ನಿಮ್ಮ ಸ್ವಂತ ಮೇಲ್‌ನಿಂದ ಎಚ್‌ಆರ್‌ಗೆ ಬರೆಯಿರಿ.

ಇನ್ನು ಹೊರದೇಶದವರ ಜೊತೆಗಿನ ಕೂಟ. ಫೋಟೋ ತೆಗೆಸಿಕೊಳ್ಳುವ ಸಮ್ಮೇಳನ ಬೇಡ, ಮಾಹಿತಿಯ ವಿನಿಮಯ ಸಾಕು. ಅಮೆರಿಕದಲ್ಲಿ 100 ಅಥವಾ ಹೆಚ್ಚು ನೌಕರರಿರುವ ಕಂಪೆನಿ ದೊಡ್ಡ ಕಡಿತಕ್ಕೆ 60 ದಿನ ಮೊದಲು ನೋಟಿಸ್ ಕೊಡಬೇಕು. ಬಹಳಷ್ಟು ರಾಜ್ಯಗಳು ಅದನ್ನು ವೆಬ್‌ಸೈಟ್‌ನಲ್ಲಿ ಹಾಕುತ್ತವೆ. ನಮ್ಮ ಕ್ಲೈಂಟಿನ ಹೆಸರು ಅಲ್ಲಿ ಕಂಡರೆ ಇಲ್ಲಿ ಏನೋ ಬದಲಾಗಲಿದೆ ಎಂದೇ ಅರ್ಥ. ಇಲ್ಲಿಂದ ಅವರಿಗೆ ತಿಳಿಯಬೇಕಾದದ್ದು ಕೆಟಿಯ, ಅಂದರೆ ಕೆಲಸವನ್ನು ಹೊಸಬರಿಗೆ ಕಲಿಸಿ ಒಪ್ಪಿಸುವುದರ ತಾರೀಕು. ಮೊದಲು ಎಸ್‌ಒಪಿ, ಅಂದರೆ ಕೆಲಸ ಮಾಡುವ ಕ್ರಮದ ಬರಹ, ಹೊಸದಾಗಿ ಬರೆಸುತ್ತಾರೆ, ಆಮೇಲೆ ಸ್ಕ್ರೀನ್ ರೆಕಾರ್ಡಿಂಗ್, ಹೊಸಬರು ನಮ್ಮ ಪಕ್ಕ ಕೂತು ನೋಡುವುದು, ಕೊನೆಗೆ ಅವರು ಮಾಡುವುದನ್ನು ನಾವು ಕೂತು ನೋಡುವುದು. ಆ ಕೊನೆಯ ಹಂತಕ್ಕೆ ಬಂದಮೇಲೆ ಯೂನಿಯನ್ ಹುಡುಕಿದರೆ ತಡವಾಯಿತು. ಫಿಲಿಪೀನ್ಸ್‌ನಲ್ಲಿ ಬಿಪಿಒ (ಹೊರಗುತ್ತಿಗೆ ಕೆಲಸದ ಕಂಪೆನಿ) ನೌಕರರ ಬಿಯೆನ್ ಎಂಬ ಸಂಘ ಉಂಟು. ನಮ್ಮ ಕೆಲಸ ಅಲ್ಲಿಗೆ ಹೋದರೆ ಎಷ್ಟು ಸಂಬಳಕ್ಕೆ ಹೋಯಿತೆಂದು ಹೇಳಬಲ್ಲವರು ಅವರು.

ಒಂದು ಎಚ್ಚರ. ಹಂಚಿಕೊಳ್ಳುವುದು ತಾರೀಕು, ತಲೆ ಎಣಿಕೆ, ಹುದ್ದೆಯ ಬಗೆ ಮಾತ್ರ. ಕ್ಲೈಂಟಿನ ಒಂದು ಫೈಲ್, ಒಂದು ಸ್ಕ್ರೀನ್‌ಶಾಟ್ ಹೊರಗೆ ಹೋದರೂ ಕಂಪೆನಿಗೆ ನಿಮ್ಮನ್ನು ದುರ್ನಡತೆಯ ಮೇಲೆ ತೆಗೆಯಲು ಕಾರಣ ಸಿಕ್ಕಿತು, ಪರಿಹಾರವೂ ಹೋಯಿತು. ಈ ಕೆಲಸಕ್ಕೆ ಆಫೀಸಿನ ಲ್ಯಾಪ್‌ಟಾಪ್ ಅಂತೂ ಮುಟ್ಟಲೇಬೇಡಿ.