ದಿಡ್ಡಿ ಬಾಗಿಲು ಹಾಕುವವರು

ಈಗಷ್ಟೇ ಗೆಳೆಯರೊಬ್ಬರ ಮನೆಯಿಂದ ಬಂದೆ. ತಲೆ ಇನ್ನೂ ಬಿಸಿಯಾಗಿದೆ. ಅರ್ಧ ಬಿಸಿಲಿಗೆ, ಅರ್ಧ ಸಿಟ್ಟಿಗೆ.

ಮನೆಗೆ ತಾಗಿಕೊಂಡಂತೆ ಒಂದು ಗಾಜಿನ ಕೋಣೆ ಕಟ್ಟಿಸಿದ್ದಾರೆ. ಗೋಡೆಯೂ ಗಾಜು, ಚಾವಣಿಯೂ ಗಾಜು. ಗಿಡಗಳಿವೆ, ಬೆತ್ತದ ಕುರ್ಚಿ ಇದೆ, ಪುಸ್ತಕದ ಕಪಾಟಿದೆ. ಕೂರುವ ಮನುಷ್ಯರು ಮಾತ್ರ ಇಲ್ಲ. ಬೇಸಿಗೆಯಲ್ಲಿ ಅದು ಒಲೆ, ಚಳಿಗಾಲದಲ್ಲಿ ಫ್ರಿಜ್ಜು. ಈಗ ಯಾರೋ ಪುಣ್ಯಾತ್ಮರು ಬಂದು "ವರ್ಷವಿಡೀ ಆರಾಮ" ಎಂದು ಮಾತು ಕೊಟ್ಟು, ಕೆಲಸ ಮುಗಿಸಿ ಹೋಗಿದ್ದಾರೆ. ಏನು ಕೆಲಸ? ಗಾಜಿನ ಚಾವಣಿಯ ಕೆಳಗೆ, ಒಳಗಡೆಯಿಂದ, ದಪ್ಪ ಬಟ್ಟೆಯ ಬ್ಲೈಂಡ್ಸ್. ಅದೂ ಕಡುಗಂದು ಬಣ್ಣದ್ದು. ಮೂಲೆಯಲ್ಲೊಂದು ಒಂದೂವರೆ ಟನ್ನಿನ ಎಸಿ.

"ಈಗ ಹೇಗಿದೆ ಹೇಳಿ ಸಾರ್" ಅಂದರು. ಎಸಿ ಬುಸುಗುಡುತ್ತಿತ್ತು, ನನ್ನ ಬೆನ್ನ ಮೇಲೆ ಬೆವರು ಇಳಿಯುತ್ತಿತ್ತು. ಕುರ್ಚಿ ಹತ್ತಿ ಬ್ಲೈಂಡ್ಸಿಗೂ ಗಾಜಿಗೂ ನಡುವೆ ಕೈ ತೂರಿಸಿದೆ. ಚುರುಕ್ ಎಂದಿತು, ತಕ್ಷಣ ಎಳೆದುಕೊಂಡೆ.

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅಂತಾರಲ್ಲ, ಅದನ್ನು ಕಣ್ಣಾರೆ ನೋಡಿದ ಹಾಗಾಯಿತು.

ನನ್ನ ತಕರಾರು ಒಂದೇ. ನನ್ನನ್ನು ಬಲ್ಲವರು ಇದನ್ನು ಹತ್ತು ಸಲ ಕೇಳಿದ್ದೀರಿ, ಹನ್ನೊಂದನೇ ಸಲ ಕೇಳಿ. ಬಿಸಿಲನ್ನು ಗಾಜಿನ ಹೊರಗೇ ತಡೆಯಬೇಕು. ಗಾಜು ದಾಟುವಾಗ ಅದು ಬೆಳಕು. ಬಟ್ಟೆಗೋ ನೆಲಕ್ಕೋ ಬಿದ್ದ ಮೇಲೆ ಅದು ಕಾವು. ಆ ಕಾವಿನ ಕಿರಣಗಳಿಗೆ ಗಾಜು ಮರಳಿ ದಾರಿ ಬಿಡುವುದಿಲ್ಲ. ಕಾದ ಗಾಳಿಗಂತೂ ಹೋಗಲು ಜಾಗವೇ ಇರುವುದಿಲ್ಲ, ನಿಜವಾಗಿ ಪೀಡಿಸುವುದು ಅದೇ. 1909ರಲ್ಲಿ ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವುಡ್ ಎರಡು ಪೆಟ್ಟಿಗೆ ಮಾಡಿ, ಒಂದಕ್ಕೆ ಗಾಜು ಮುಚ್ಚಿದ, ಇನ್ನೊಂದಕ್ಕೆ ಶಾಖದ ಕಿರಣಗಳನ್ನು ಸಲೀಸಾಗಿ ಬಿಡುವ ಕಲ್ಲುಪ್ಪಿನ ಫಲಕ ಮುಚ್ಚಿದ, ಎರಡನ್ನೂ ಬಿಸಿಲಿಗಿಟ್ಟ. ಎರಡೂ ಹೆಚ್ಚುಕಡಿಮೆ ಒಂದೇ ಸಮ ಕಾದವು. ಕೂಡಿಹಾಕಿದ ಗಾಳಿಯದೇ ಕಿತಾಪತಿ ಎಂದಾಯಿತಲ್ಲ. ಇವರ ಕೋಣೆಯ ನೆತ್ತಿಯಲ್ಲಿ ಗಾಳಿ ಹೋಗಲು ಒಂದು ಕಿಂಡಿ ಇತ್ತು. ಎಸಿಯ ತಂಪು ಹೊರಗೆ ಹೋಗುತ್ತದೆಂದು ಅದಕ್ಕೂ ಸಿಲಿಕೋನ್ ಅಂಟು ಬಳಿಸಿ ಮುಚ್ಚಿಸಿದ್ದಾರೆ!

ಲೆಕ್ಕ ಹಾಕೋಣ ಬನ್ನಿ. ನಡುಮಧ್ಯಾಹ್ನದ ನಿಚ್ಚಳ ಬಿಸಿಲು ಚದರ ಮೀಟರಿಗೆ ಸುಮಾರು 1000 ವ್ಯಾಟ್ ಸುರಿಯುತ್ತದೆ. ಒಂಟಿ ಪದರದ ತಿಳಿಗಾಜು ಅದರಲ್ಲಿ ನೂರಕ್ಕೆ 80 ಪಾಲಿನಷ್ಟನ್ನು ಒಳಗೆ ಬಿಡುತ್ತದೆ. ಚಾವಣಿ 10 ಚದರ ಮೀಟರ್ ಇದ್ದರೆ 8 ಕಿಲೋವ್ಯಾಟ್. ಒಂದೊಂದು ಕಿಲೋವ್ಯಾಟಿನ ಎಂಟು ರೂಮ್ ಹೀಟರ್ ಒಟ್ಟಿಗೆ ಉರಿಸಿ ಕೂತ ಹಾಗೆ. ಒಂದೂವರೆ ಟನ್ನಿನ ಎಸಿ ಹೊರಹಾಕಬಲ್ಲದ್ದು ಸುಮಾರು 5 ಕಿಲೋವ್ಯಾಟ್. ಅದು ಬುಸುಗುಡದೆ ಇನ್ನೇನು ಮಾಡೀತು, ಪಾಪ.

"ಡಬಲ್ ಗ್ಲಾಸ್ ಹಾಕಿಸಿದರೆ?" ಎಂದರು. ಹಾಕಿಸಿ, ಚಳಿಗೆ ಒಳ್ಳೆಯದು. ಆದರೆ ಲೇಪನವಿಲ್ಲದ ತಿಳಿಗಾಜು ಎರಡು ಪದರವಿದ್ದರೂ ಬಿಸಿಲಿನ ಮುಕ್ಕಾಲು ಪಾಲನ್ನು ಒಳಗೆ ಕರೆದುಕೊಳ್ಳುತ್ತದೆ. ಗಾಜಿನ ಒಳಮೈಗೆ ಕಪ್ಪು ಫಿಲ್ಮ್ ಅಂಟಿಸುವವರದು ಇನ್ನೊಂದು ವರಸೆ. ಫಿಲ್ಮ್ ಬಿಸಿಲನ್ನು ಹೀರಿ ಗಾಜಿನ ನಡುಭಾಗವನ್ನು ಕಾಯಿಸುತ್ತದೆ, ಚೌಕಟ್ಟಿನೊಳಗಿನ ಅಂಚು ತಣ್ಣಗೇ ಇರುತ್ತದೆ. ಒಂದು ದಿನ ಟಪ್ ಎಂದು ಬಿರುಕು.

ಹೊರಗಿನಿಂದ ಮುಚ್ಚುವುದು ನಾನು ಕಂಡುಹಿಡಿದ ವಿದ್ಯೆಯೇನಲ್ಲ. 1851ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಎಂಬ ಭಾರಿ ಗಾಜಿನ ಕಟ್ಟಡವನ್ನು ರೂಪಿಸಿದ ಜೋಸೆಫ್ ಪ್ಯಾಕ್ಸ್ಟನ್ ಗಾಜಿನ ಚಾವಣಿಯ ಮೇಲೆ, ಹೌದು ಮೇಲೆ, ಹತ್ತಿಬಟ್ಟೆ ಹೊದಿಸಿದ್ದ. ಗೋಡೆಗಳಲ್ಲಿ ತೆರೆದು ಮುಚ್ಚುವ ಗಾಳಿಪಟ್ಟಿಗಳನ್ನಿಟ್ಟಿದ್ದ. ಆತ ಮೂಲತಃ ತೋಟದ ಮಾಲಿ. ಗಿಡಗಳನ್ನು ಸುಡದೆ ಉಳಿಸಿದ ಅನುಭವ ಇದ್ದವನು. ನಮಗೆ ಬರುವವರಿಗೆ ಬ್ಲೈಂಡ್ಸ್ ಮಾರಿದ ಅನುಭವ ಇರುತ್ತದೆ.

ಸರಿ, ಎದುರುವಾದವನ್ನೂ ಕೇಳಿಬಿಡೋಣ. "ಚಾವಣಿ ಮುಚ್ಚಿದರೆ ಅದೆಂಥ ಗಾಜಿನ ಕೋಣೆ? ಆಕಾಶ ಕಾಣಬೇಡವೇ?" ಸ್ವಾಮಿ, ಮಧ್ಯಾಹ್ನದ ಆಕಾಶವನ್ನು ತಲೆಯೆತ್ತಿ ನೋಡಲಾಗುವುದಿಲ್ಲ. ರಾತ್ರಿ ದೀಪ ಹಾಕಿದರೆ ಗಾಜು ಕನ್ನಡಿಯಾಗುತ್ತದೆ, ಕಾಣುವುದು ನಮ್ಮದೇ ಬೊಕ್ಕತಲೆ. ಉಳಿದ ಹೊತ್ತಿನಲ್ಲಿ ಕಾಣುವುದು ತರಗೆಲೆ ಮತ್ತು ಹಕ್ಕಿಹಿಕ್ಕೆ. 1680ರ ದಶಕದಲ್ಲಿ ವರ್ಸೇಲ್ಸ್ ಅರಮನೆಯಲ್ಲಿ ಕಿತ್ತಳೆ ಗಿಡಗಳನ್ನು ಚಳಿಯಿಂದ ಕಾಯಲು ಕಟ್ಟಿದ ಮನೆಗೆ ಒಂದು ಬದಿಯಲ್ಲಿ ದೊಡ್ಡ ಕಿಟಕಿಗಳಿವೆ, ತಲೆಯ ಮೇಲೆ ಮಾತ್ರ ಕಲ್ಲಿನ ಕಮಾನು. ಗಿಡಗಳೇ ಆಕಾಶ ಬೇಕೆಂದು ಹಟ ಮಾಡಲಿಲ್ಲ.

ಚಳಿಯ ಕಥೆಯೂ ಚಾವಣಿಯದೇ. ಒಳಗೂ ಹೊರಗೂ 20 ಡಿಗ್ರಿ ವ್ಯತ್ಯಾಸ ಇದ್ದರೆ, ಅದೇ 10 ಚದರ ಮೀಟರಿನ ಒಂಟಿ ಗಾಜಿನಿಂದ ಸೋರಿಹೋಗುವುದು ಸುಮಾರು 1100 ವ್ಯಾಟ್. ಮಾಮೂಲಿ ಎರಡು ಪದರದ ಗಾಜಿಗೆ ಅದರ ಅರ್ಧ. ಗಾಜಿನ ಬದಲು, ಕಾವು ತಡೆಯುವ ಇನ್ಸುಲೇಷನ್ ಸರಿಯಾಗಿ ತುಂಬಿದ ಮುಚ್ಚು ಚಾವಣಿಯಾದರೆ 40 ವ್ಯಾಟಿನ ಆಸುಪಾಸು. ಮೋಡವಿಲ್ಲದ ರಾತ್ರಿಯಲ್ಲಂತೂ ಗಾಜು ತನ್ನ ಕಾವನ್ನು ನೇರ ಆಕಾಶಕ್ಕೆ ಚೆಲ್ಲುತ್ತದೆ. ಒಂದು ಇಡೀ ಹೀಟರ್ ಚಾವಣಿಗೇ ನೈವೇದ್ಯ. ಇವರು ಬಾಗಿಲ ಸಂದಿಗೆ ರಬ್ಬರ್ ಪಟ್ಟಿ ಅಂಟಿಸಿ ಗೆದ್ದೆವು ಅಂದುಕೊಂಡಿದ್ದಾರೆ.

ಇಷ್ಟೆಲ್ಲ ಬಡಾಯಿ ಕೊಚ್ಚುವ ನಾನೇನು ಸಾಚಾನಾ? ಹಳಬರಿಗೆ ಗೊತ್ತಿದೆ, ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ನಮ್ಮ ಮನೆಯ ಗಾಜಿನ ಕೋಣೆಗೆ ಮೊದಲು ಕೈಹಾಕಿದಾಗ ನಾನೇ ಕಾವನ್ನು ತಿರುಗಿ ಕಳಿಸುವ ಬೆಳ್ಳಿಬಣ್ಣದ ಹಾಳೆ ತಂದು, ಚಾವಣಿಯ ಒಳಮೈಗೆ ಒತ್ತಿ ಸ್ಟೇಪಲ್ ಹೊಡೆದಿದ್ದೆ. ಆ ಹಾಳೆ ಕೆಲಸ ಮಾಡಬೇಕಾದರೆ ಅದರ ಮುಂದೆ ಗಾಳಿಯ ಸಂದು ಇರಬೇಕು ಎಂಬುದು ಗೊತ್ತೇ ಇರಲಿಲ್ಲ. ಚಳಿಗಾಲ ಬಂತು. ಟಪಟಪ ನೀರು. ತೊಲೆಗಳ ಮೇಲೆ ಕಪ್ಪು ಬೂಷ್ಟು, ಮುಗ್ಗಲು ವಾಸನೆ. ಗಾಜು ಸೋರುತ್ತಿದೆಯೆಂದು, ಅದನ್ನು ಕೂರಿಸಿದವನನ್ನು ಕರೆಸಿ ಬಾಯಿಗೆ ಬಂದಂತೆ ಬೈದೆ. ಸೋರುತ್ತಿದ್ದದ್ದು ಮಳೆಯಲ್ಲ, ನಮ್ಮದೇ ಉಸಿರು. 20 ಡಿಗ್ರಿಯ ಕೋಣೆಯಲ್ಲಿ ತೇವಾಂಶ ನೂರಕ್ಕೆ 60 ಇದ್ದರೆ, 12 ಡಿಗ್ರಿಗಿಂತ ತಣ್ಣಗಿನ ಯಾವ ಮೈ ಸಿಕ್ಕರೂ ಅದರ ಮೇಲೆ ನೀರು ಕೂರುತ್ತದೆ. ಹಾಳೆಯ ಸಂದುಗಳಲ್ಲಿ ಆವಿ ನುಸುಳಿ, ಹಿಂದಿನ ತಣ್ಣನೆ ಗಾಜಿಗೆ ಅಂಟಿ, ತಿರುಗಿ ನಮ್ಮ ತಲೆಯ ಮೇಲೇ ಬೀಳುತ್ತಿತ್ತು. ಆ ಮನುಷ್ಯನಿಗೆ ಇವತ್ತಿಗೂ ಕ್ಷಮೆ ಕೇಳಿಲ್ಲ. ಎದುರಿಗೆ ಸಿಕ್ಕರೆ ರಸ್ತೆ ದಾಟಿಬಿಡುತ್ತೇನೆ.

ಆಮೇಲೆ ಗಾಜು ತೆಗೆಸಿ ಮುಚ್ಚು ಚಾವಣಿ ಹಾಕಿಸಿದೆ. ಕೋಣೆಯ ಕಡೆಗೆ ಆವಿ ದಾಟದ ಹಾಳೆ, ಅದರ ಪ್ರತಿ ಕೂಡಿಕೆಗೂ ಟೇಪು, ಮೇಲೆ ಇನ್ಸುಲೇಷನ್, ಅದರ ಮೇಲೆ ಗಾಳಿಯಾಡಲು 50 ಮಿಲಿಮೀಟರ್ ಸಂದು. ಹಾಕಿಸುವ ಮೊದಲು ಚೌಕಟ್ಟು ಆ ಭಾರ ಹೊರುತ್ತದೆಯೇ ಎಂದು ಎಂಜಿನಿಯರ್‌ಗೆ ತೋರಿಸಿದೆ, ಅಷ್ಟು ಬುದ್ಧಿ ಬಂದಿತ್ತು. ಗಾಜು ಈಗ ಗೋಡೆಗಷ್ಟೇ. ಪಶ್ಚಿಮದ ಇಳಿಬಿಸಿಲಿಗೆ ಹೊರಗಡೆ ಒಂದು ಸುರುಳಿ ಚಾಪೆ. ಈ ಬರಹವನ್ನು ಅಲ್ಲೇ ಕೂತು ಬರೆಯುತ್ತಿದ್ದೇನೆ.

ಇಷ್ಟನ್ನೂ ಗೆಳೆಯರಿಗೆ ಹೇಳಿದೆ. ನಂಬಲಿಲ್ಲ. ಕಡೆಗೆ ಒಂದು ಮಧ್ಯಾಹ್ನದ ಮಟ್ಟಿಗೆ ಒಪ್ಪಿದ್ದಾರೆ. ನಾಳೆ ಎಸಿ ಆರಿಸಿ, ನೆತ್ತಿಯ ಕಿಂಡಿ ಬಿಡಿಸಿ, ಗಾಜಿನ ಚಾವಣಿಯ ಮೇಲೆ ಅವರ ಮನೆಯ ಬಿಳಿ ಬೆಡ್‌ಶೀಟುಗಳನ್ನೆಲ್ಲ ಹಗ್ಗ ಕಟ್ಟಿ ಹೊದಿಸುವುದು, ಥರ್ಮಾಮೀಟರ್ ಇಟ್ಟು ನೋಡುವುದು. ಮಳೆ, ಧೂಳು, ಹಕ್ಕಿಗಳ ಮೇಲಿನ ನನ್ನ ಉಪನ್ಯಾಸವನ್ನು ತಾಳ್ಮೆಯಿಂದ ಕೇಳಿಸಿಕೊಂಡ ಅವರ ಹೆಂಡತಿ, ಆಮೇಲೆ ಆ ಬೆಡ್‌ಶೀಟುಗಳನ್ನೆಲ್ಲ ಒಗೆಯುವವರು ಯಾರು ಎಂದು ಕೇಳಿದರು. ನಾವಿಬ್ಬರೂ ಎಸಿಯ ಕಡೆ ನೋಡುತ್ತ ನಿಂತೆವು.