ಸಮುದ್ರ ಹೊರಗಡೆ ಹೋಗಿದೆ

ಪುರೀಲಿ ಅಲೆಗಳ ಆರ್ಭಟ ನೋಡಿ ಅಮ್ಮ ಕಾಲಿನ ಉಗುರೂ ನೆನೆಸ್ಲಿಲ್ಲ. ಸಮುದ್ರಸ್ನಾನ ಆಗ್ಲೇ ಇಲ್ವಲ್ಲೋ ಅಂತ ಒಂದೇ ಸಮ ಕೊರಗ್ತಿದ್ರೆ ನಾನೇ ದೊಡ್ಡ ಮನುಷ್ಯನ ಥರ, ಬಾಲಸೋರ್ ಹತ್ರ ಚಾಂದಿಪುರ ಅಂತಿದೆ, ಅಲ್ಲಿ ಸಮುದ್ರ ತುಂಬಾ ಸಾಧು ಅಂತೆ, ಊರಿಗೆ ಹೋಗೋ ಮುಂಚೆ ಒಂದಿನ ಅಲ್ಲಿರೋಣ ಅಂದ್ಬಿಟ್ಟೆ. ಆಫೀಸಲ್ಲಿ ಯಾರೋ ಹೇಳಿದ್ದು. ಪೂರ್ತಿ ಕೇಳಿಸ್ಕೊಂಡಿರ್ಲಿಲ್ಲ.

ಬೆಳಗ್ಗೆ 11 ಗಂಟೆಗೆ ಟವೆಲ್ಲು, ಚೊಂಬು, ಒಣಬಟ್ಟೆ ಎಲ್ಲಾ ಹೊತ್ಕೊಂಡು ಹೋದ್ವಿ. ಬೀಚ್ ಇತ್ತು. ಸಮುದ್ರ ಇರ್ಲಿಲ್ಲ! ಕಣ್ಣು ಹಾಯಿಸಿದಷ್ಟು ದೂರ ಬರೀ ಹಸಿ ಮರಳು. "ಏನೋ ಇದು, ಬೇಸಿಗೇಲಿ ಕೆ.ಆರ್.ಎಸ್. ಹಿನ್ನೀರು ಇದ್ದಂಗಿದೆ" ಅಂದ್ರು ಅಮ್ಮ. ಚಾಂದಿಪುರ ಅಂದ್ರೆ ಮಿಸೈಲ್ ಟೆಸ್ಟ್ ಮಾಡೋ ಜಾಗ ಬೇರೆ, ಎಲ್ಲೋ ಗುರಿ ತಪ್ಪಿ ಸಮುದ್ರಕ್ಕೇ ಹೊಡೆದಿರ್ಬೇಕು ಅಂತ ನನ್ನ ಹೆಂಡ್ತಿ.

ಟೀ ಮಾರೋನನ್ನ ಕೇಳಿದ್ರೆ, "ಹೋಗಿದೆ, ನಾಲ್ಕು ಗಂಟೆಗೆಲ್ಲಾ ಬಂದ್ಬಿಡತ್ತೆ" ಅಂದ, ಪಕ್ಕದ್ಮನೆಯೋರು ಬ್ಯಾಂಕಿಗೆ ಹೋಗಿದಾರೆ ಅನ್ನೋ ಥರ. ಅಲ್ಲಿ ತಳ ಎಷ್ಟು ಸಪಾಟು ಅಂದ್ರೆ ಇಳಿತ ಶುರುವಾದ್ರೆ ನೀರು ಸುಮಾರು 5 ಕಿಲೋಮೀಟರ್ ಹಿಂದಕ್ಕೆ ಹೋಗತ್ತಂತೆ, ಅದೂ ದಿನಕ್ಕೆ ಎರಡು ಸಲ.

ಸರಿ, ಅದು ಬರ್ದಿದ್ರೆ ನಾವೇ ಹೋಗೋಣ ಅಂತ ಚಪ್ಪಲಿ ಮರಳಲ್ಲೇ ಬಿಟ್ಟು ಹೊರಟ್ವಿ. ಅಮ್ಮ ಮಾತ್ರ "ನಾನು ಬರಲ್ಲಪ್ಪ" ಅಂತ ಚೊಂಬು ಹಿಡ್ಕೊಂಡು ದಡದಲ್ಲೇ ಕೂತ್ರು. ದಾರೀಲಿ ಕೆಂಪು ಏಡಿಗಳು, ನಮ್ಮ ನೆರಳು ಬಿದ್ರೆ ಸಾಕು ಬಿಲದೊಳಗೆ ಮಾಯ. ಒಂದ್ಕಡೆ ಬಾಣಲೆ ಬೋರಲು ಹಾಕಿ ಬಾಲ ಅಂಟಿಸಿದಂಗೆ ಒಂದು ಪ್ರಾಣಿ, ಹಾರ್ಸ್‌ಶೂ ಕ್ರ್ಯಾಬ್ ಅಂತೆ, ಡೈನೋಸಾರ್‌ಗಿಂತ ಹಳೇ ವಂಶ, ರಕ್ತ ನೀಲಿ. ಅದರ ಫೋಟೋ ತೆಗೀತಾ ಬಗ್ಗಿದ್ದೆ, ನೋಡಿದ್ರೆ ನನ್ನ ಹೆಜ್ಜೆ ಗುರುತಲ್ಲಿ ನೀರು. ಅಲೆ ಇಲ್ಲ, ಸದ್ದಿಲ್ಲ, ಹಾಲು ಚೆಲ್ಲಿದಂಗೆ ಸುಮ್ನೆ ಹರಡ್ಕೊಂಡು ಬರ್ತಿದೆ! ಸಾಧು ಅಂದಿದ್ದು ಇದನ್ನೇ ಇರ್ಬೇಕು. ನಾವಿಬ್ರೂ ಬಿದ್ದಂಬೀಳ ಓಡಿದ್ವಿ, ಮೊಣಕಾಲವರೆಗೂ ಕೆಸರು.

ಅಷ್ಟೊತ್ತಿಗೆ ನೀರು ಅಮ್ಮ ಕೂತಿದ್ದ ಕಡೆಗೇ ಬಂದಿತ್ತು. ಕೂತಲ್ಲೇ "ಗಂಗೇ ಚ ಯಮುನೇ" ಅಂತ ಮೂರು ಚೊಂಬು ಹುಯ್ಕೊಂಡು, ಸ್ನಾನ ಮುಗಿಸಿ ತಲೆ ಒರೆಸ್ಕೋತಿದ್ರು. ನನ್ನ ಎಡಗಾಲಿನ ಚಪ್ಪಲಿ ಪತ್ತೆ ಇಲ್ಲ.

"ನಾಳೆ ನೀರು ಇಳಿದ್ಮೇಲೆ ಹುಡುಕಿ" ಅಂದ ಟೀಯವನು. ಮಾರನೇ ದಿನ ಹೋಗಿ ಕಾದೆ, ಅದೂ ಲೇಟು. ದಿನಾ ಸುಮಾರು 50 ನಿಮಿಷ ತಡ ಮಾಡ್ಕೊಂಡೇ ಇಳಿಯೋದಂತೆ, ಚಂದ್ರನ ಲೆಕ್ಕ, ಬಾಸ್ ಅಷ್ಟು ಮೇಲಿದ್ರೆ ಯಾರು ಕೇಳ್ತಾರೆ. ಕೊನೆಗೂ ಎಡಗಾಲಿನ ಚಪ್ಪಲಿ ಸಿಕ್ತು. ನಂದಲ್ಲ. ನೀಲಿ ಹವಾಯಿ, ಎರಡು ಸೈಜ್ ಚಿಕ್ಕದು. ಟ್ರೈನಿಗೆ ಟೈಮ್ ಆಗಿತ್ತು, ಹಾಕ್ಕೊಂಡೆ. ಬಾಲಸೋರ್ ಸ್ಟೇಷನ್‌ನಿಂದ ಬೆಂಗಳೂರವರೆಗೂ ಹೆಂಡ್ತಿ ನನ್ನಿಂದ ನಾಲ್ಕು ಹೆಜ್ಜೆ ಮುಂದೇ ನಡೆದ್ಲು.