ಹುಡುಗ ಸ್ವಲ್ಪ ಹಾಗೆ, ಆದ್ರೆ ಪಾಯಿಂಟ್ ಚೆನ್ನಾಗಿ ತರ್ತಾನೆ

ನಮ್ಮ ಕಡೆ ಹೆಣ್ಣು ಕೊಡುವ ಮುಂಚೆ ಹುಡುಗನ ಬಗ್ಗೆ ನಾಲ್ಕು ಕಡೆ ವಿಚಾರಿಸುತ್ತಾರೆ. ಅಕ್ಕಪಕ್ಕದ ಮನೆಯವರನ್ನು, ಆಫೀಸಿನವರನ್ನು, ಬೀದಿ ಕೊನೆಯ ಅಂಗಡಿಯವನನ್ನು. ಹುಡುಗನ ಸಂಬಳ ಕಮ್ಮಿಯಿದ್ದರೆ ಎಲ್ಲ ದೋಷಗಳೂ ಎದ್ದು ಕಾಣುತ್ತವೆ. ಸಂಬಳ ಜಾಸ್ತಿ ಇದ್ದರೆ "ಮದುವೆಯಾದ ಮೇಲೆ ಸರಿಹೋಗ್ತಾನೆ ಬಿಡಿ" ಎಂಬ ತೀರ್ಪು ಬರುತ್ತದೆ. ಇದು ನಮ್ಮವರಿಗೆ ಮಾತ್ರ ಗೊತ್ತಿರುವ ವಿದ್ಯೆ ಅಂದುಕೊಂಡಿದ್ದೆ. 2025ರ ಅಕ್ಟೋಬರಿನಲ್ಲಿ ಅಮೆರಿಕದ ಆರ್ಕನ್ಸಾ ರಾಜ್ಯಕ್ಕೆ ಹೋಗಿ ಬಂದ ಮೇಲೆ ಆ ಜಂಬ ಇಳಿಯಿತು.

ನನ್ನ ಅಕ್ಕನ ಮಗ ಅಲ್ಲಿನ ಬೆಂಟನ್‌ವಿಲ್‌ನಲ್ಲಿದ್ದಾನೆ. ವಾಲ್‌ಮಾರ್ಟ್‌ನ ಕೇಂದ್ರ ಕಚೇರಿ ಇರುವ ಊರು. ಹಾಗಾಗಿ ಕಂಪ್ಯೂಟರ್ ಕೆಲಸದ ನಮ್ಮ ಜನ ಸಾಕಷ್ಟು ಇದ್ದಾರೆ. ಅಲ್ಲಿಂದ ಅರ್ಧ ಗಂಟೆ ದಕ್ಷಿಣಕ್ಕೆ ಹೋದರೆ ಫಯಟ್‌ವಿಲ್, ಆರ್ಕನ್ಸಾ ವಿಶ್ವವಿದ್ಯಾಲಯದ ಊರು. ಅಲ್ಲಿನ ಫುಟ್‌ಬಾಲ್ ತಂಡದ ಹೆಸರು ರೇಜರ್‌ಬ್ಯಾಕ್ಸ್. ಫುಟ್‌ಬಾಲ್ ಅಂದರೆ ನಮ್ಮದಲ್ಲ, ತಲೆಗೆ ಹೆಲ್ಮೆಟ್ ಹಾಕಿ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕನ್ ಆಟ. ರೇಜರ್‌ಬ್ಯಾಕ್ ಅಂದರೆ ಕಾಡುಹಂದಿ. ನಮ್ಮಲ್ಲಿ ಈ ಪ್ರಾಣಿ ಜೋಳದ ಹೊಲಕ್ಕೆ ನುಗ್ಗಿದರೆ ಪರಿಹಾರಕ್ಕೆ ಅರಣ್ಯ ಇಲಾಖೆಗೆ ಅರ್ಜಿ ಹಾಕುತ್ತೇವೆ. ಅಲ್ಲಿ 76,000 ಜನ ಸ್ಟೇಡಿಯಂ ತುಂಬ ಎದ್ದು ನಿಂತು, ಕೈ ಮೇಲೆತ್ತಿ, "ವೂ ಪಿಗ್ ಸೂಯಿ" ಎಂದು ಕೂಗಿ ಕರೆಯುತ್ತಾರೆ.

ನಾನು ಹೋದಾಗ ಊರಲ್ಲೆಲ್ಲ ಒಂದೇ ಮಾತು. ಸೆಪ್ಟೆಂಬರ್ 27ರಂದು ತಂಡ ನೋಟರ್ ಡೇಮ್ ಎದುರು 56-13ರಲ್ಲಿ ಸೋತಿತ್ತು. ಮರುದಿನವೇ ಕೋಚ್ ಸ್ಯಾಮ್ ಪಿಟ್‌ಮನ್ ಅವರನ್ನು ಮನೆಗೆ ಕಳಿಸಿದ್ದರು. ಹಂಗಾಮಿಯಾಗಿ ಆ ಕುರ್ಚಿಗೆ ಬಂದವರು ಬಾಬಿ ಪೆಟ್ರಿನೊ. ಇವರನ್ನೇ ಕಾಯಂ ಮಾಡಬೇಕೋ ಬೇಡವೋ?

ಪಕ್ಕದ ಮನೆ ಅಜ್ಜನನ್ನು ಕೇಳಿದೆ. ಆತ ರಿಟೈರ್ ಆದ ಮನುಷ್ಯ. ಶನಿವಾರ ಬಂತೆಂದರೆ ತಲೆ ಮೇಲೆ ಕೆಂಪು ಪ್ಲಾಸ್ಟಿಕ್ಕಿನ ಹಂದಿ ಇಟ್ಟುಕೊಂಡು ಹುಲ್ಲು ಕತ್ತರಿಸುತ್ತಾನೆ. "ಅಫೆನ್ಸ್ ಬಲ್ಲ ಮನುಷ್ಯ" ಅಂದ. ಚೆಂಡು ತಮ್ಮ ಕೈಲಿದ್ದಾಗ ಪಾಯಿಂಟ್ ಗಳಿಸುವ ತಂತ್ರಕ್ಕೆ ಅಲ್ಲಿ ಅಫೆನ್ಸ್ ಅಂತಾರೆ. "ಮತ್ತೆ ಗುಣ?" ಅಂದೆ. ಅಜ್ಜ ಮಿಷನ್ ಸ್ಟಾರ್ಟ್ ಮಾಡಿದ. ನನಗೆ ಪ್ರಶ್ನೆ ಕೇಳಿಸಿತು, ಅವನಿಗೆ ಕೇಳಿಸಲಿಲ್ಲ.

"ಮಾವ, ನೀವು ಸುಮ್ನೆ ಇರಿ. ಇಲ್ಲಿ ಅದನ್ನೆಲ್ಲ ಕೇಳಬಾರದು" ಅಂತ ನನ್ನ ಅಕ್ಕನ ಮಗ ಒಳಗೆ ಎಳೆದುಕೊಂಡು ಹೋದ. ಸೋದರಮಾವನಿಗೆ ಹುಡುಗನ ವಿಚಾರಣೆ ಮಾಡಬೇಡ ಅಂದರೆ ಆಗುತ್ತಾ? ಆ ರಾತ್ರಿ ಕೂತು ಜಾತಕ ತೆಗೆದೆ.

ಹುಡುಗ ಅಂದರೆ ಪೆಟ್ರಿನೊಗೆ ಆಗ ಅರವತ್ನಾಲ್ಕು. ಕೈಗುಣ ಮಾತ್ರ ಸುಳ್ಳಲ್ಲ. 2003ರಿಂದ 2006ರವರೆಗೆ ಲೂಯಿವಿಲ್ ತಂಡಕ್ಕೆ ಕೋಚ್ ಆಗಿದ್ದಾಗ 50 ಪಂದ್ಯಗಳಲ್ಲಿ 41 ಗೆದ್ದಿದ್ದಾರೆ. ಇಂಥ ವರ ಊರಲ್ಲಿದ್ದರೆ ಬೇರೆಯವರ ಕಣ್ಣು ಬೀಳದೆ ಇರುತ್ತದೆಯೇ? 2003ರ ನವೆಂಬರಿನಲ್ಲಿ ಆಬರ್ನ್ ವಿಶ್ವವಿದ್ಯಾಲಯದ ಅಧ್ಯಕ್ಷರು, ಕ್ರೀಡಾ ನಿರ್ದೇಶಕರು, ಜೊತೆಗೆ ಇಬ್ಬರು ಟ್ರಸ್ಟಿಗಳು ಒಂದು ಖಾಸಗಿ ವಿಮಾನ ಹತ್ತಿ, ಲೂಯಿವಿಲ್ ಪಕ್ಕದ ಸಣ್ಣ ವಿಮಾನ ನಿಲ್ದಾಣದಲ್ಲಿ ಇಳಿದು, ಗುಟ್ಟಾಗಿ ವರನನ್ನು ನೋಡಿ ಬಂದರು. ಆಗ ಆಬರ್ನ್‌ಗೆ ಕೋಚ್ ಇದ್ದರು. ಟಾಮಿ ಟಬರ್‌ವಿಲ್ ಅಂತ. ಹುಡುಗನೂ ಹಿಂದಿನ ವರ್ಷ ಅವರ ಕೈಕೆಳಗೇ ಕೆಲಸ ಮಾಡಿದ್ದವರು. ಮನೆಯಲ್ಲಿ ಅಳಿಯ ಊಟಕ್ಕೆ ಕೂತಿದ್ದಾನೆ, ಹಿತ್ತಿಲ ಬಾಗಿಲಲ್ಲಿ ಹೊಸ ಸಂಬಂಧ ನೋಡುತ್ತಿದ್ದಾರೆ. ಅದೂ ಆ ವರ್ಷದ ದೊಡ್ಡ ಪಂದ್ಯಕ್ಕೆ ಎರಡೇ ದಿನ ಇದ್ದಾಗ. ಟಬರ್‌ವಿಲ್ ಆ ಪಂದ್ಯ ಗೆದ್ದರು. ಗುಟ್ಟು ಹೊರಬಿತ್ತು. ಅಧ್ಯಕ್ಷರ ಕುರ್ಚಿ ಹೋಯಿತು. ಮುಂದಿನ ವರ್ಷ ಅದೇ ಹಳೇ ಅಳಿಯ 13ಕ್ಕೆ 13 ಪಂದ್ಯ ಗೆದ್ದು ಕೊಟ್ಟರು. ಆಮೇಲೆ ಅವರು ಅಮೆರಿಕದ ಸೆನೆಟರೂ ಆದರು. ಹೆಣ್ಣಿನ ಮನೆಯವರಿಂದ ಇಷ್ಟು ಅವಮಾನ ಸಹಿಸಿದವರಿಗೆ ರಾಜಕೀಯ ಕಷ್ಟ ಏನಲ್ಲ.

ಲೂಯಿವಿಲ್‌ನವರು ಹೆದರಿದರು. 2006ರ ಜುಲೈನಲ್ಲಿ ಹತ್ತು ವರ್ಷದ ಒಪ್ಪಂದ ಬರೆಸಿಕೊಂಡರು, 2.55 ಕೋಟಿ ಡಾಲರಿಗೆ. ಹುಡುಗ ಸಹಿ ಹಾಕಿದರು. ಆರು ತಿಂಗಳಿಗೆ, 2007ರ ಜನವರಿಯಲ್ಲಿ, ಅಟ್ಲಾಂಟಾ ಫಾಲ್ಕನ್ಸ್ ಎಂಬ ವೃತ್ತಿಪರ ತಂಡಕ್ಕೆ ಹೊರಟರು.

ಅಲ್ಲಿ ಗ್ರಹಚಾರ. ತಂಡದ ತಾರೆ ಮೈಕಲ್ ವಿಕ್ ನಾಯಿ ಕಾಳಗದ ಕೇಸಿನಲ್ಲಿ ಸಿಕ್ಕಿಬಿದ್ದಿದ್ದರು. 13 ಪಂದ್ಯಗಳಲ್ಲಿ ಮೂರು ಮಾತ್ರ ಗೆಲುವು. ಇನ್ನೂ ಮೂರು ಪಂದ್ಯ ಬಾಕಿ. ಡಿಸೆಂಬರ್‌ನ ಒಂದು ದಿನ ಆಟಗಾರರು ಬಂದು ನೋಡಿದರೆ ಒಬ್ಬೊಬ್ಬರ ಲಾಕರಿನಲ್ಲೂ ಒಂದೊಂದು ಚೀಟಿ. ನಾಲ್ಕು ಸಾಲಿನ ವಿದಾಯ. ಆ ಹೊತ್ತಿಗೆ ಹುಡುಗ ಆರ್ಕನ್ಸಾದಲ್ಲಿ ಮೈಕ್ ಮುಂದೆ ನಿಂತು "ವೂ ಪಿಗ್ ಸೂಯಿ" ಅಂದಾಗಿತ್ತು. ನಮ್ಮ ಶಾಸಕರಾದರೂ ರೆಸಾರ್ಟಿಗೆ ಹೋಗುವ ಮುಂಚೆ ಒಂದು ವಾರ ಅತೃಪ್ತಿ ತೋರಿಸುತ್ತಾರಪ್ಪ.

ಇಲ್ಲಿ ಒಂದು ಮಾತು. ಆ ಕಾಲದಲ್ಲಿ ಕಾಲೇಜಿನ ಹುಡುಗನೊಬ್ಬ ಒಂದು ದೊಡ್ಡ ತಂಡ ಬಿಟ್ಟು ಇನ್ನೊಂದಕ್ಕೆ ಹೋದರೆ ಒಂದು ವರ್ಷ ಆಡದೆ ಬೆಂಚಿನಲ್ಲಿ ಕೂರಬೇಕಿತ್ತು. ನಿಷ್ಠೆ ಕಲಿಯಲಿ ಅಂತ. ಕೋಚ್‌ಗೆ ಮಾತ್ರ ಆ ಪಾಠ ಇರಲಿಲ್ಲ, ಅವರು ಕಲಿಸುವವರಲ್ಲವೇ.

ಆರ್ಕನ್ಸಾದವರಿಗೆ ಚೀಟಿಯ ವಿಷಯ ಗೊತ್ತಿತ್ತು. ವಿಮಾನದ ವಿಷಯವೂ ಗೊತ್ತಿತ್ತು. "ಬೇರೆಯವರ ಮನೆಯಲ್ಲಿ ಹಾಗೆ ಮಾಡಿದ್ದು, ನಮ್ಮ ಮನೆಯಲ್ಲಿ ಮಾಡ್ತಾನಾ?" ಅಂದರು. ಮೊದಲ ವರ್ಷ 5 ಗೆಲುವು, ಆಮೇಲೆ 8, 10, 11. 2011ರ ಋತು ಮುಗಿದಾಗ ದೇಶಕ್ಕೆ ಐದನೇ ಸ್ಥಾನ. ಆ ದಿನಗಳಲ್ಲಿ ಫಯಟ್‌ವಿಲ್‌ನಲ್ಲಿ ನಿಂತು ಹುಡುಗನ ಗುಣ ಹೇಗೆ ಎಂದು ಕೇಳಿದ್ದರೆ ಸುಮ್ಮನೆ ಬಿಡುತ್ತಿರಲಿಲ್ಲ.

2012ರ ಏಪ್ರಿಲ್ 1. ತಮಾಷೆ ಅಲ್ಲ, ತಾರೀಕೇ ಅದು. ಹುಡುಗ ಮೋಟಾರ್‌ಸೈಕಲ್ ಸಮೇತ ಹದಿನಾರನೇ ನಂಬರ್ ಹೆದ್ದಾರಿಯಲ್ಲಿ ಬಿದ್ದರು. ತಲೆಗೆ ಹೆಲ್ಮೆಟ್ ಇರಲಿಲ್ಲ. ಜೀವಮಾನವಿಡೀ ಹುಡುಗರಿಗೆ ಹೆಲ್ಮೆಟ್ ಹಾಕಿಸಿ ಹೊಟ್ಟೆ ಹೊರೆದವರು! ಎರಡು ದಿನಕ್ಕೆ ಕುತ್ತಿಗೆಗೆ ಪಟ್ಟಿ ಕಟ್ಟಿಕೊಂಡು, ತರಚಿದ ಮುಖದಲ್ಲಿ ಪತ್ರಕರ್ತರ ಮುಂದೆ ಬಂದರು. ಬೈಕಿನಲ್ಲಿ ಬೇರೆ ಯಾರೂ ಇರಲಿಲ್ಲ ಎಂದೇ ಊರು ನಂಬಿತ್ತು. ಆಮೇಲೆ ಪೊಲೀಸ್ ವರದಿ ಬಂತು. ಹಿಂದೆ ಒಬ್ಬರು ಕೂತಿದ್ದರು. 25 ವರ್ಷದ ಉದ್ಯೋಗಿ. ನಾಲ್ಕು ದಿನದ ಹಿಂದಷ್ಟೇ ಇವರೇ 159 ಅರ್ಜಿಗಳಲ್ಲಿ ಆರಿಸಿ ತಮ್ಮ ವಿಭಾಗದಲ್ಲಿ ಕೆಲಸ ಕೊಟ್ಟಿದ್ದರು. ಸಂಬಂಧ ಇತ್ತು, 20,000 ಡಾಲರ್ ಕೊಟ್ಟಿದ್ದೂ ಇತ್ತು, ಮೇಲಿನವರಿಗೆ ಹೇಳಿರಲಿಲ್ಲ. ಉಳಿದ 158 ಜನ ಯಾರು, ಅರ್ಜಿ ಬರೆಯಲು ಎಷ್ಟು ಹೊತ್ತು ಕೂತಿದ್ದರು ಅಂತ ಯಾವ ಪತ್ರಿಕೆಯೂ ಕೇಳಿದ್ದು ನಾನು ಕಾಣೆ.

ಏಪ್ರಿಲ್ 10ಕ್ಕೆ ಕ್ರೀಡಾ ನಿರ್ದೇಶಕ ಜೆಫ್ ಲಾಂಗ್ ಕೆಲಸದಿಂದ ತೆಗೆದರು. ಒಳ್ಳೆಯ ಕೆಲಸ ಮಾಡಿದ್ದಕ್ಕೆ ದೇವರು ಮೆಚ್ಚಿದನೋ ಇಲ್ಲವೋ, ಆ ವರ್ಷ ತಂಡ 4 ಗೆದ್ದು 8 ಸೋತಿತು. ಅಲ್ಲಿಂದ ಊರಿನವರ ಮನಸ್ಸಿನಲ್ಲಿ ಒಂದು ಲೆಕ್ಕ ಕೂತುಬಿಟ್ಟಿತು. ಸುಳ್ಳಿದ್ದಾಗ 11 ಗೆಲುವು, ಸತ್ಯ ಬಂದ ಮೇಲೆ 4.

ಮುಂದಿನದು ಬೇಗ ಹೇಳಿಬಿಡುತ್ತೇನೆ. ಒಂದು ಋತು ಸುಮ್ಮನೆ ಕೂತರು. ವೆಸ್ಟರ್ನ್ ಕೆಂಟಕಿ ಎಂಬ ಸಣ್ಣ ಮನೆಯವರು ನಾಲ್ಕು ವರ್ಷದ ಒಪ್ಪಂದ ಮಾಡಿಕೊಂಡರು. ಒಂದೇ ವರ್ಷ ಇದ್ದು ಎದ್ದು ಹೋದರು. ಹೋಗಿದ್ದೆಲ್ಲಿಗೆ? 2014ರಲ್ಲಿ, ಹತ್ತು ವರ್ಷದ ಒಪ್ಪಂದಕ್ಕೆ ಆರೇ ತಿಂಗಳಲ್ಲಿ ಕೈಕೊಟ್ಟಿದ್ದ ಅದೇ ಲೂಯಿವಿಲ್‌ಗೆ! ತಿರುಗಿ ತಿರುಗಿ ಕೊನೆಗೆ ಹಳೇ ಗಂಡನ ಪಾದವೇ ಗತಿ ಅಂತಾರಲ್ಲ, ಹಾಗೆ. ಮನುಷ್ಯ ಬದಲಾಗಿದ್ದಾರೆ ಎಂದು ಸರ್ಟಿಫಿಕೇಟ್ ಕೊಟ್ಟವರು ಅಲ್ಲಿನ ಕ್ರೀಡಾ ನಿರ್ದೇಶಕ ಟಾಮ್ ಜುರಿಚ್. 2017ರಲ್ಲಿ ಬ್ಯಾಸ್ಕೆಟ್‌ಬಾಲ್ ಹಗರಣದ ಗದ್ದಲದಲ್ಲಿ ಅವರದ್ದೇ ಕೆಲಸ ಹೋಯಿತು. 2018ರಲ್ಲಿ ತಂಡ 2 ಗೆದ್ದು 8 ಸೋತಾಗ ಹುಡುಗನ ಕೆಲಸವೂ ಹೋಯಿತು, ಸುಮಾರು 1.4 ಕೋಟಿ ಡಾಲರ್ ಕೈಗಿಟ್ಟು ಕಳಿಸಿದರು. ಈ ಸಲ ಬೈಕೂ ಇರಲಿಲ್ಲ, ಚೀಟಿಯೂ ಇರಲಿಲ್ಲ. ಸುಮ್ಮನೆ ಸೋತಿದ್ದರು.

ಕೆಲಸ ಮಾಡಬೇಡ ಅಂತ ಹೇಳುವುದಕ್ಕೆ ಕೋಟಿಗಟ್ಟಲೆ ಕೊಡುವುದು ಅಲ್ಲಿ ಮಾಮೂಲು. ಅದಕ್ಕೆ ಬೈಔಟ್ ಅಂತ ಹೆಸರು. 2023ರಲ್ಲಿ ಟೆಕ್ಸಸ್ ಎ ಅಂಡ್ ಎಂ ತನ್ನ ಕೋಚ್ ಜಿಂಬೊ ಫಿಷರ್ ಅವರಿಗೆ ಏಳೂವರೆ ಕೋಟಿ ಡಾಲರಿಗಿಂತ ಹೆಚ್ಚು ಕೊಡಲು ಒಪ್ಪಿ ಕಳಿಸಿತು. ಆ ವರ್ಷ ಅವರಿಗೆ ಅಫೆನ್ಸ್ ನೋಡಿಕೊಳ್ಳುತ್ತಿದ್ದವರು ಯಾರು ಅಂತೀರಿ? ನಮ್ಮ ಹುಡುಗನೇ. ಅಲ್ಲಿಗೆ ಬರುವ ಮುಂಚೆ ಲಾಸ್ ವೇಗಸ್‌ನ ಇನ್ನೊಂದು ವಿಶ್ವವಿದ್ಯಾಲಯದಲ್ಲಿ ಕೆಲಸಕ್ಕೆ ಒಪ್ಪಿ ತಿಂಗಳು ತುಂಬುವುದರೊಳಗೆ ಬಿಟ್ಟು ಬಂದಿದ್ದರು. ಬಾಡಿಗೆ ಮನೆಯ ಅಡ್ವಾನ್ಸಾದರೂ ವಾಪಸ್ ಬಂತೋ ಇಲ್ಲವೋ.

2023ರ ನವೆಂಬರ್ ಕೊನೆಗೆ ಆರ್ಕನ್ಸಾದವರೇ ಮತ್ತೆ ಕರೆದರು. ಕೋಚ್ ಆಗಿ ಅಲ್ಲ, ಅಫೆನ್ಸ್ ನೋಡಿಕೊಳ್ಳಲು. ಮನೆಯೊಳಗೆ ಬೇಡ, ಜಗಲಿ ಮೇಲೆ ಮಲಗಲಿ ಅನ್ನುವ ಹಾಗೆ. ಜಗಲಿಯಿಂದ ನಡುಮನೆಗೆ ಬರಲು ಎರಡು ವರ್ಷವೂ ಬೇಕಾಗಲಿಲ್ಲ.

ಹಂಗಾಮಿ ಕುರ್ಚಿಯಲ್ಲಿ ಕೂತ ಮೇಲೆ ಮೊದಲ ಎರಡು ಪಂದ್ಯ ಸೋತರು, ಎರಡೂ ಮೂರೇ ಮೂರು ಪಾಯಿಂಟಿನಲ್ಲಿ. ಅಜ್ಜ ಹುಲ್ಲು ಕತ್ತರಿಸುತ್ತಾ "ನೋಡಿದ್ರಾ, ಎಂಥ ಅಫೆನ್ಸ್!" ಅಂದ. ಮೂರು ಪಾಯಿಂಟಿನ ಸೋಲಿನವರೆಗೂ ಬೈಕು ಶೆಡ್ಡಿನಲ್ಲೇ ಇರುತ್ತದೆ ಅಂತ ನನಗೆ ಅರ್ಥವಾಯಿತು.

ಅಕ್ಟೋಬರ್ 25ಕ್ಕೆ ಫಯಟ್‌ವಿಲ್‌ಗೆ ಬಂದದ್ದು ಆಬರ್ನ್ ತಂಡ. ಹೌದು, ವಿಮಾನದವರು. ಆಗ ಅವರ ಕೋಚ್ ಹ್ಯೂ ಫ್ರೀಜ್. ಇವರದ್ದೂ ಒಂದು ಜಾತಕ ಇದೆ. 2017ರಲ್ಲಿ ಕಾಲೇಜು ಕೊಟ್ಟ ಫೋನಿನಿಂದ ಹೋಗಬಾರದ ನಂಬರಿಗೆ ಕರೆ ಹೋಗಿದ್ದು ಬಯಲಾಗಿ ಮಿಸಿಸಿಪಿಯ ಕೆಲಸ ಬಿಟ್ಟವರು. ಆಮೇಲೆ ಅವರನ್ನು ಕರೆದು ಕೂರಿಸಿದ್ದು ಯಾರು? ಲಿಬರ್ಟಿ ಅಂತ, ಕ್ರೈಸ್ತ ಧರ್ಮದ ನೀತಿ ನಿಯಮಗಳಿಗೆ ಹೆಸರಾದ ವಿಶ್ವವಿದ್ಯಾಲಯ. 2019ರಲ್ಲಿ ಬೆನ್ನಿನ ಆಪರೇಷನ್ ಆದಾಗ ಸ್ಟೇಡಿಯಂ ಮೇಲಿನ ಕೋಣೆಗೆ ಆಸ್ಪತ್ರೆ ಮಂಚ ತರಿಸಿ, ಮಲಗಿದಲ್ಲಿಂದಲೇ ಕೋಚಿಂಗ್ ಮಾಡಿದರು. ಗೆಲುವು ಬಂತು, ಆಬರ್ನ್ ಎತ್ತಿಕೊಂಡು ಹೋಯಿತು. ಸಾವಿರ ಸುಳ್ಳು ಹೇಳಿಯಾದರೂ ಒಂದು ಮದುವೆ ಮಾಡು ಅಂತಾರೆ ನಮ್ಮಲ್ಲಿ. ಇಲ್ಲಿ ಸುಳ್ಳು ಹೇಳುವ ಕಷ್ಟವೂ ಇಲ್ಲ. ಎಲ್ಲ ಪೇಪರಿನಲ್ಲಿ ಬಂದಿರುತ್ತದೆ, ಓದಿಯೇ ಮದುವೆ ಮಾಡುತ್ತಾರೆ.

ಆ ಸಂಜೆ ಎರಡೂ ವರರು ಎದುರು ಬದುರು. ಟಿವಿ ಮುಂದೆ ಕೂತು ನೋಡಿದೆ. ಆಬರ್ನ್ 33-24ರಲ್ಲಿ ಗೆದ್ದಿತು. ಸರಿ, ಫ್ರೀಜ್ ಬಚಾವ್ ಅಂದುಕೊಂಡೆ. ಮುಂದಿನ ವಾರ ಕೆಂಟಕಿ ಎದುರು 10-3ರಲ್ಲಿ ಸೋತರು. ಮರುದಿನ ಅವರ ಕೆಲಸವೂ ಹೋಯಿತು. ಫೋನಿಗೆ ಕ್ಷಮೆ ಸಿಕ್ಕಿತ್ತು, ಮೂರು ಪಾಯಿಂಟಿಗೆ ಸಿಗಲಿಲ್ಲ.

ನಾನು ಊರಿಗೆ ವಾಪಸ್ ಬಂದೆ. ನವೆಂಬರ್ ಕೊನೆಯ ವಾರ ಅಕ್ಕನ ಮಗ ಫೋನ್ ಮಾಡಿದ.

"ಮಾವ, ನಿಮ್ಮ ಹುಡುಗ ಏಳಕ್ಕೆ ಏಳೂ ಸೋತ್ರು. ಒಂದರಲ್ಲಿ ಬರೀ ಒಂದು ಪಾಯಿಂಟು. ಮೆಂಫಿಸ್‌ನಿಂದ ರಯಾನ್ ಸಿಲ್ವರ್‌ಫೀಲ್ಡ್ ಅಂತ ಹೊಸಬ್ರನ್ನ ತಂದಿದಾರೆ."

"ಹೊಸಬ್ರು ಹೇಗಂತೆ? ವಿಚಾರಿಸಿದ್ರಾ?"

"ಈ ವರ್ಷ ಮೆಂಫಿಸ್‌ನವ್ರು ನಮ್ಮನ್ನೇ ಸೋಲಿಸಿದ್ರು. ಇನ್ನೇನು ವಿಚಾರಿಸ್ತಾರೆ?"

"ಪಕ್ಕದ ಮನೆ ಅಜ್ಜ ಏನಂತಾನೆ?"

"ಬೆಳಿಗ್ಗೆ ಸಿಕ್ಕಿದ್ದ. ತುಂಬ ಬೇಜಾರಲ್ಲಿದ್ದ. 'ಹೆಂಡತಿ ಮಕ್ಕಳಿಗೇ ಸುಳ್ಳು ಹೇಳಿ ಬೈಕಲ್ಲಿ ಬಿದ್ದ ಮನುಷ್ಯ, ಇಂಥವರನ್ನ ಯಾಕಾದ್ರೂ ಮನೆಯೊಳಗೆ ಬಿಟ್ಕೊಂಡ್ರೋ' ಅಂದ."